ಮೇಸ್ತ್ರಿಯ ಅಂಗಾಲು

ಮೇಸ್ತ್ರಿ ಎಂದಿನಂತೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಕಣ್ಣು ಮುಚ್ಚಿಕೊಂಡು, ತಾನೇ ಟೈಲ್ಸ್ ಹಾಕಿ ಮುಗಿಸಿದ ಹಾಲ್‌ನಲ್ಲಿ ಸಾಲಿಂದ ಸಾಲಿಗೆ ನಡೆಯತೊಡಗಿದ. ಸ್ವೆಟರ್ ತೊಟ್ಟು, ಒದ್ದೆ ಬಟ್ಟೆ ಹಿಡಿದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಹೆಂಡತಿ ಅವನ ಪಾದಗಳನ್ನೇ ನೋಡುತ್ತಿದ್ದಳು. ಟೈಲ್ಸ್ ಹಾಕುವುದು ಅವನು, ಸಂದು ತುಂಬಿ ಒರೆಸುವುದು ಅವಳು. ಈಗಷ್ಟೇ ಒರೆಸುವಾಗ, ಮೂರನೆಯ ಸಾಲಿನಲ್ಲಿ ಕಿಟಕಿಯ ಹತ್ತಿರ, ಒಂದು ಟೈಲ್ಸಿನ ಅಂಚಿಗೆ ಬಟ್ಟೆ ಸಿಕ್ಕಿಕೊಂಡಿತ್ತು. ಅಂಚು ಎದ್ದಿತ್ತು. ಅವಳು ಹೇಳಲಿಲ್ಲ. ಅಂಥದ್ದನ್ನು ಅವನಿಗೆ ಹೇಳಬೇಕಾದ ಪ್ರಮೇಯ ಎಂದೂ ಬಂದಿರಲಿಲ್ಲ.

ಆ ಅಂಗಾಲಿನ ಹೆಸರೇ ಅಂಥದ್ದು. ನೆಲದ ಮಟ್ಟ ನೋಡುವ ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತು ಎಲ್ಲ ಸರಿ ಎಂದರೂ ಅವನ ಹಿಮ್ಮಡಿ ಒಪ್ಪುತ್ತಿರಲಿಲ್ಲ. ಕಾಗದದಷ್ಟು ಏರುಪೇರು ಇದ್ದರೂ ಕಾಲು ಗಕ್ಕನೆ ನಿಲ್ಲುತ್ತಿತ್ತು. "ಇದನ್ನ ಎತ್ತು" ಎನ್ನುತ್ತಿದ್ದ. ದೊಡ್ಡ ದೊಡ್ಡ ಇಂಜಿನಿಯರುಗಳು ಅವನನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಆ ಕಾಲಿಗಾಗಿ.

ಮೂವತ್ತು ವರ್ಷದಿಂದ ಅವಳದ್ದು ಒಂದೇ ರಾಗ. "ಐಸಿನಂಥ ನೆಲದ ಮೇಲೆ ಬರಿಗಾಲಲ್ಲಿ ಓಡಾಡ್ಬೇಡಿ, ಕಾಲು ಹಾಳಾಗುತ್ತೆ." ಅವನದ್ದೂ ಒಂದೇ ಉತ್ತರ. "ಚಪ್ಪಲಿ ಹಾಕ್ಕೊಂಡು ನೆಲ ನೋಡೋ ಮೇಸ್ತ್ರೀನೂ, ನಾಲಿಗೆ ಮನೇಲಿಟ್ಟು ಬಂದ ಅಡುಗೆಯವನೂ ಇಬ್ರೂ ಒಂದೇ ಕಣೇ." ಹೋದ ವರ್ಷ ಸಕ್ಕರೆ ಕಾಯಿಲೆ ಪತ್ತೆಯಾದಾಗ ಡಾಕ್ಟರು, ಪಾದಕ್ಕೆ ಸ್ಪರ್ಶ ಕಡಿಮೆಯಾಗಬಹುದು, ಬರಿಗಾಲಲ್ಲಿ ನಡೆಯಬೇಡಿ ಎಂದಿದ್ದರು. 'ನಾನು ಹೇಳಿರ್ಲಿಲ್ವಾ' ಎಂದು ಅವಳು ಗೆದ್ದವಳಂತೆ ಬೀಗಿದ್ದಳು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಮೂರನೆಯ ಸಾಲು ಬಂತು. ಕಿಟಕಿ ಹತ್ತಿರವಾಯಿತು. ಕಾಲು ಎದ್ದ ಅಂಚಿನ ಮೇಲೆ ಬಿತ್ತು, ದಾಟಿತು, ಮುಂದೆ ಹೋಯಿತು.

"ಪಾಸ್!" ಎಂದ ಅವನು ಗೋಡೆ ಮುಟ್ಟಿ ಕಣ್ಣು ಬಿಡುತ್ತಾ. "ಹನ್ನೊಂದಕ್ಕೆ ಇಂಜಿನಿಯರ್ ಬರ್ಲಿ. ಬೇಕಾದ್ರೆ ಗೋಲಿ ಉರುಳಿಸಿ ನೋಡ್ಲಿ."

"ಇನ್ನೊಂದ್ಸಲ ನಡೀರಿ."

"ಯಾಕೆ, ನನ್ನ ಕಾಲಿನ ಮೇಲೇ ಅನುಮಾನನಾ?"

"ಅನುಮಾನ ಯಾಕೆ? ನೀವು ನಡೆಯೋದು ನೋಡೋಕೆ ಚೆಂದ, ಅದಕ್ಕೆ."

ಅವನು ಉಬ್ಬಿಹೋದ. ಮತ್ತೆ ಕಣ್ಣು ಮುಚ್ಚಿ, ಏನೋ ಗುನುಗುತ್ತಾ ಹೊರಟ. ಈ ಸಲವೂ ಕಾಲು ನಿಲ್ಲಲಿಲ್ಲ. ಅಷ್ಟೇ ಅಲ್ಲ, ಎಡಗಾಲು ಊರಿದಲ್ಲೆಲ್ಲ ಬಿಳಿ ಟೈಲ್ಸಿನ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು. ಅವಳಿಗೆ ತಟ್ಟನೆ ನೆನಪಾಯಿತು. ಕಳೆದ ತಿಂಗಳು ಅವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿಕೊಂಡಿತೆಂದು ಅವನಿಗೇ ಗೊತ್ತಿರಲಿಲ್ಲ. ಆ ದಿನ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವನನ್ನು ಕೂರಿಸಿ, ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಗೆ ನಾಟಿದ್ದ ಟೈಲ್ಸ್ ಚೂರನ್ನು ಎಳೆದಳು. ಉಗುರಿನಷ್ಟು ಉದ್ದವಿತ್ತು.

"ನೋವಾಯ್ತಾ?"

"ಯಾವುದು?" ಎಂದವನು ಅವಳ ಅಂಗೈಯಲ್ಲಿದ್ದ ಚೂರನ್ನು ನೋಡಿದ. ಆಮೇಲೆ ನೆಲದ ಮೇಲಿನ ಕೆಂಪು ಸಾಲನ್ನು ನೋಡಿದ.

"ಎಡಗಾಲು ಸ್ವಲ್ಪ ಜೋಮು ಹಿಡಿದಿದೆ ಅಷ್ಟೆ. ಬಲಗಾಲು ಗಟ್ಟಿ ಇದೆ" ಎಂದ. ದನಿ ಇಳಿದಿತ್ತು. "ಇಂಜಿನಿಯರ್ ಮುಂದೆ ಬಾಯಿ ಬಿಡ್ಬೇಡ. ಈ ಕಾಲಿಗೆ ಏನೂ ತಿಳಿಯಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ನನ್ನ ಯಾರು ಕರೀತಾರೆ ಹೇಳು."

ಅವಳಿಗೆ ಅಳು ಬಂತು. ಕಾಲು ಕೆಡಿಸಿದ್ದು ಸಕ್ಕರೆ ಕಾಯಿಲೆ; ಪಾಪ, ಈ ನೆಲ ಏನು ಮಾಡಿತ್ತು? ಮೂವತ್ತು ವರ್ಷ ಸುಮ್ಮನೆ ಅದನ್ನು ಬೈದಿದ್ದಳು. ಚೂರನ್ನು ಪಕ್ಕಕ್ಕಿಟ್ಟು ಗಾಯಕ್ಕೆ ಬಟ್ಟೆ ಸುತ್ತಿದಳು.

"ಸರಿ. ಕಣ್ಣು ಮುಚ್ಚಿ. ಬಲಗಾಲು ಊರಿ, ನೆಲ ಹೇಗಿದೆ ಹೇಳಿ."

ಅವನು ವಿಧೇಯನಾಗಿ ಕಣ್ಣು ಮುಚ್ಚಿದ. ಅವಳು ತೊಟ್ಟಿದ್ದ ಸ್ವೆಟರನ್ನು ಸದ್ದಾಗದಂತೆ ಬಿಚ್ಚಿ, ಮೈಯ ಬಿಸಿ ಆರುವ ಮೊದಲೇ ನಾಲ್ಕು ಮಡಿಕೆ ಮಾಡಿ, ಅವನ ಬಲಗಾಲಿನ ಕೆಳಗೆ ಸರಿಸಿದಳು. ಪಾದ ಅದರ ಮೇಲೆ ಇಳಿಯಿತು. ಅವನು ಹಿಮ್ಮಡಿ ಒತ್ತಿದ, ಬೆರಳು ಒತ್ತಿದ, ಹಿಂದಿನ ಠೀವಿಯಲ್ಲೇ ತಲೆ ಆಡಿಸಿದ.

"ಅಬ್ಬಾ, ಮಂಜುಗಡ್ಡೆ ಕಣೇ!" ಎಂದ. "ನೀನು ಹೇಳ್ತಿದ್ದದ್ದೇ ಸರಿ. ಇಷ್ಟು ತಣ್ಣಗಿರೋ ನೆಲದಲ್ಲಿ ಓಡಾಡಿದ್ರೆ ಕಾಲು ಹಾಳಾಗುತ್ತೆ."