ಹಣ್ಣಾದ ಕಾಯಿ

ಕಾಯಿಗೆ ಆದದ್ದೆಲ್ಲ ಆಡುವವರ ಮೈಗೂ ಆಗುವ ಹೊಸ ಮಾದರಿಯ ಚೌಕಾಬಾರವಿಲ್ಲದೆ ಆ ವರ್ಷ ಮೈಸೂರಿನಲ್ಲಿ ಒಂದು ಮದುವೆಯೂ ನಡೆಯಲಿಲ್ಲ. ಕಾಯಿಗೆ ಏಟು ಬಿದ್ದರೆ ಬೆನ್ನಿಗೊಂದು ಗುದ್ದು, ಅಷ್ಟೇ; ಕಾಯಿ ಹಣ್ಣಾಗುವ ಮೊದಲೇ ಊಟದ ಕರೆ ಬಂದು ಎಲ್ಲ ಮದುವೆಗಳಲ್ಲೂ ಆಟ ಅರ್ಧಕ್ಕೇ ನಿಂತಿತ್ತು. ಮೂರು ಲೋಕದಲ್ಲೂ ಸೋಲರಿಯದ ಮದುಮಗಳು ಚಂಪಕಾ, ಮದುಮಗ ಚಿದಾನಂದನ ಬೆನ್ನು ಮುರಿಯುವಷ್ಟು ಗುದ್ದು ಕೊಡಿಸಿ, ತನ್ನ ಕಾಯನ್ನು ನಡುಮನೆಗೆ ನುಗ್ಗಿಸಿ, "ನೋಡ್ರೀ, ಹಣ್ಣಾಯ್ತು!" ಎಂದು ಕೂಗಿದಳು.

ಕೂಗು ಮುಗಿಯುವಷ್ಟರಲ್ಲಿ ಮೊಣಕಾಲುದ್ದದ ಜಡೆ ಬೆಳ್ಳಗಾಯಿತು. ಕೈಯ ಮದರಂಗಿ ಸುಕ್ಕುಗಳಲ್ಲಿ ಮುದುಡಿತು. ಇಡೀ ಛತ್ರ ಬಾಯಿ ತೆರೆದು ನಿಂತಿತು.

"ಅಯ್ಯೋ, ಹಣ್ಣುಹಣ್ಣು ಮುದುಕಿ ಆಗ್ಬಿಟ್ಳಲ್ಲೋ! ಎದ್ದೇಳೋ ಮಗಾ!" ಎಂದು ಚಿದಾನಂದನ ತಾಯಿ ಚೀರಿದರು.

ಎದ್ದುಹೋಗುತ್ತಾನೇನೋ ಎಂದು ಚಂಪಕಾ ಅವನ ಪಂಚೆಯ ಅಂಚು ಹಿಡಿದಳು.

ಅವನು ಕವಡೆ ಎತ್ತಿಕೊಂಡ. "ಸುಮ್ನಿರಮ್ಮ. ಚಂಪಾ, ನನ್ನ ಕಾಯಿ ಹಣ್ಣಾಗೋಕೆ ಎಷ್ಟು ಬೀಳ್ಬೇಕು?"

"ಮೂರು," ಎಂದಳು ಬೊಚ್ಚುಬಾಯಲ್ಲಿ.

ಮೂರು ಬಿತ್ತು. ಹಿಂದೆಯೇ ಅವನ ಹಲ್ಲುಗಳೂ ಬಿದ್ದವು.