ತೊಳೆದವಳು ಹೇಳಬಾರದ್ದು

ಕರ್ಪೂರದ ವಾಸನೆ ಬಂದರೆ ಇವತ್ತಿಗೂ ನನಗೆ ನೆನಪಾಗುವುದು ಮಲಾಡಿನ ಚಾಳಿನಲ್ಲಿ ನಮ್ಮಂಥ ಹುಡುಗಿಯರಿಗೆ ದೀನಿನ, ಧರ್ಮದ ಪಾಠ ಹೇಳುತ್ತಿದ್ದ ಉಸ್ತಾನಿಯ ಒದ್ದೆ ಕೈಗಳು.

ಆ ಮಧ್ಯಾಹ್ನ ಅವರು ಮೇಲಿನ ಮಹಡಿಯಲ್ಲಿ ತೀರಿಕೊಂಡಿದ್ದ ಹೊಸ ಸೊಸೆಯ ಮಯ್ಯತ್ತನ್ನು ಕರ್ಪೂರ ಬೆರೆಸಿದ ನೀರಿನಲ್ಲಿ ತೊಳೆದು ಬಂದಿದ್ದರು. ಬಾತ್‌ರೂಮಿನಲ್ಲಿ ಜಾರಿ ಬಿದ್ದಳೆಂದು ಮನೆಯವರು ಹೇಳಿದ್ದರು. ಉಸ್ತಾನಿ ನಮ್ಮ ಮುಂದೆ ಕುಳಿತರು, ಆದರೆ ಪಾಠ ಶುರು ಮಾಡಲಿಲ್ಲ. ಅಷ್ಟರಲ್ಲಿ ಸತ್ತವಳ ಅತ್ತೆ ಬಾಗಿಲಿಗೆ ಬಂದು ನಿಂತಳು.

“ತೊಳದಾಕಿ ಕಂಡದ್ದನ್ನ ಹೊರಗ ಹೇಳಬಾರ್ದು ಅಂತ ನೀವ ಕಲಿಸೀರಿ, ಉಸ್ತಾನಿ. ಖಯಾಲ್ ಇರ್ಲಿ.”

ಅವಳು ಹೋದ ಮೇಲೆ ಉಸ್ತಾನಿಯ ಕೈ ತಾನಾಗಿ ತಮ್ಮ ಕುತ್ತಿಗೆಗೆ ಹೋಯಿತು. ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಆಮೇಲೆ ಶರೀಯತ್ತಿನ ದಪ್ಪ ಪುಸ್ತಕ ತೆರೆದರು.

“ಸತ್ತಾಕಿ ಐಬು ಮುಚ್ಚಬೇಕು, ಖರೆ. ಕೊಂದಾವಂದೂ ಮುಚ್ಚಬೇಕಂತ ಎಲ್ಲ್ಯರ ಬರದೈತೇನು?”

ನಮ್ಮನ್ನು ಕೇಳಿದರೋ ಪುಸ್ತಕವನ್ನೋ, ತಿಳಿಯಲಿಲ್ಲ. ಒದ್ದೆ ಬೆರಳಿಗೆ ಹಾಳೆಗಳು ಅಂಟುತ್ತಿದ್ದವು. ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆಯಿತು. ಕೆಳಗೆ ಗಲ್ಲಿಯಲ್ಲಿ ಗಂಡಸರು ಕಲಿಮಾ ಹೇಳುತ್ತ ಜನಾಜಾ ಎತ್ತಿಕೊಂಡು ಹೊರಟರು. ಎಲ್ಲರಿಗಿಂತ ಮುಂದಿದ್ದದ್ದು ಸತ್ತವಳ ಗಂಡನ ಹೆಗಲು.

ಉಸ್ತಾನಿ ಇನ್ನೂ ಹಾಳೆ ತಿರುವುತ್ತಲೇ ಇದ್ದರು.