ಕೊರಡು

"ಗಂಡನ ಹೆಣದ ಮುಂದೂ ಒಂದು ಹನಿ ಹಾಕಲಿಲ್ಲ, ಕೊರಡು ಇದು," ಎಂದಳು ನಂದೀಶನ ಅಪ್ಪನ ಅಕ್ಕ, ಅವ್ವನತ್ತ ಕೈ ತೋರಿಸಿ. ಮರಾಠಿ ಊರಿನ ಆ ಕಣ್ಣಿನ ದವಾಖಾನೆಯ ಬೆಂಚಿನ ಮೇಲೆ ಕನ್ನಡ ಬಾರದವರೂ ತಿರುಗಿ ನೋಡಿದರು. ನಂದೀಶನಿಗೆ ಮೈಯೆಲ್ಲ ಉರಿಯಿತು. ಅವ್ವ ಸೊಟ್ಟಗಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಒಳಗೆ ಡಾಕ್ಟರು ಅವ್ವನ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷ ಬಿಟ್ಟು ತೆಗೆದರು. ಅದು ಎಲ್ಲೂ ನೆಂದಿರಲಿಲ್ಲ. "ಡೋಳೇ ಕೋರಡೇ ಆಹೇತ್," ಎಂದರು ಮರಾಠಿಯಲ್ಲಿ. ಡ್ರಾಪ್ಸ್ ಉರಿಯನ್ನಷ್ಟೇ ತಗ್ಗಿಸುತ್ತದೆ, ಕಣ್ಣೀರು ಇನ್ನು ಬರುವುದಿಲ್ಲ ಎಂದು ನಂದೀಶನೊಬ್ಬನಿಗೇ ಮೆಲ್ಲಗೆ ಹೇಳಿದರು.

"ಇವರೂ ಕೊರಡು ಅಂದ್ರಲ್ಲೋ," ಅವ್ವನ ಮುಖ ಕಪ್ಪಿಟ್ಟಿತು.

"ಅಲ್ಲಬೇ, ಕಣ್ಣು ಒಣಗ್ಯಾವ ಅಂದ್ರು. ನಿನ್ನ ಕೀಲು ಹಿಡಿದ ಬ್ಯಾನೀನ ಕಣ್ಣೀರನ್ನೂ ತಿಂದೈತಿ."

ಅವ್ವ ಹಗುರಾದಳು. "ಹಂಗಾದ್ರ ಜಲ್ದಿ ಔಷಧ ತಂದು ಹಾಕಪಾ. ನಿಮ್ಮಪ್ಪನ ಸಲುವಾಗಿ ಒಂದ್ಸಲ ಬರೋಬರ್ ಅತ್ತುಬಿಡ್ತೀನಿ."

ನಂದೀಶ ಡ್ರಾಪ್ಸ್ ಚೀಟಿ ಹಿಡಿದು ಔಷಧದಂಗಡಿಯ ಕಡೆ ನಡೆದ.